ಗೋಡೆಯಾಚೆಯ ಒಳಕಲ್ಲು

ನಮ್ಮ ಚಾಳಿನಲ್ಲಿ ಬೆಳಗಾಗುತ್ತಿದ್ದದ್ದು ಕೋಳಿ ಕೂಗಿ ಅಲ್ಲ, ಮುದಕವ್ವ ಕೂಗಿ. ಅದೂ ಗೋಡೆಗೆ ಬಾಯಿ ಹಚ್ಚಿ.

“ಮೆಲ್ಲಕ ಕುಟ್ಟ, ಕಲ್ಲ ಒಡದೀತು!”

ಗೋಡೆಯ ಈಚೆ ಕಡೆ ಮುನವ್ವರಾ ಒನಕೆ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಷ್ಟೇ ಗಟ್ಟಿ ದನಿಯಲ್ಲಿ ಉತ್ತರ ಕೊಡುತ್ತಿದ್ದಳು: “ನನ್ನ ಮನಿ, ನನ್ನ ಮೆಣಸಿನಕಾಯಿ. ನಿನ್ನ ಗಂಟೇನ ಹೋತು?”

“ಕಲ್ಲ ನಂದೈತಿ!”

“ಹಂಗಾರ ಕಿತ್ತಗೊಂಡ ಹೋಗ!”

ಇಷ್ಟಾದ ಮೇಲೆ ಇಬ್ಬರಿಗೂ ಸಮಾಧಾನವಾಗಿ, ಇಬ್ಬರ ಮನೆಯಲ್ಲೂ ಚಹಾಕ್ಕೆ ನೀರು ಏರುತ್ತಿತ್ತು.

ನಾನು ಮಂಜವ್ವ, ಆರನೇ ಮನೆಯವಳು. ೧೯೫೮ರಲ್ಲಿ ಮದುವೆಯಾಗಿ ಶಿಗ್ಗಾಂವಕ್ಕೆ ಬಂದ ಹೊಸದರಲ್ಲಿ ಈ ಸುಪ್ರಭಾತ ಕೇಳಿ ಬೆಚ್ಚಿಬೀಳುತ್ತಿದ್ದೆ. ಆಮೇಲೆ ಒಂದು ದಿನ ಕೇಳದಿದ್ದರೆ ಬಾಗಿಲಿಗೆ ಬಂದು ಇಣುಕಿ ನೋಡುತ್ತಿದ್ದೆ. ನನ್ನ ಗಂಡ ಕಾಳಿನ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಮನೆಯಿಲ್ಲದ ಕೂಲಿಕಾರರಿಗೆ, ಕಸಬುದಾರರಿಗೆ ಅಂತ ಸರಕಾರ ಊರ ಅಂಚಿನಲ್ಲಿ ಏಳು ಮನೆಗಳ ಒಂದು ಸಾಲು ಕಟ್ಟಿಸಿತ್ತು. ನಾಡು ಒಂದಾದ ಮರುವರ್ಷ ಎದ್ದ ಚಾಳು ಅದು. ಕೊನೆಯ ಮನೆ ಪಿಂಜಾರ ಮಹಮ್ಮದಗೌಸನದು. ಬಿಲ್ಲು ಮೀಟಿ ಹತ್ತಿ ಹಿಂಜಿ ಗಾದಿ ತುಂಬುವ ಬಡಪಾಯಿ, ಬಾಯಲ್ಲಿ ಮಾತಿಲ್ಲ. ಅವನ ಪಾಲಿನ ಮಾತನ್ನೂ ಹೆಂಡತಿ ಮುನವ್ವರಾ ಆಡಿ ಮುಗಿಸುತ್ತಿದ್ದಳು. ಅವರ ಗೋಡೆ ಮುಗಿದಲ್ಲಿಗೆ ಸರಕಾರ ಮುಗಿದು ಮುದಕವ್ವನ ಸ್ವಂತ ಅಂಗಳ ಸುರುವಾಗುತ್ತಿತ್ತು. ಆದರೆ ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಸುರುವಾಯಿತು ಅನ್ನುವುದೇ ಏಳು ವರ್ಷದ ಜಗಳ.

ಜಗಳದ ನಡುವೆ ಇದ್ದದ್ದು ಒಂದು ಒಳಕಲ್ಲು. ನೆಲದಲ್ಲಿ ಹೂತು ಬಾಯಿ ಮಾತ್ರ ಮೇಲೆ ಬಿಟ್ಟ ಕಲ್ಲು. ನಮ್ಮ ಕಡೆ ಅದನ್ನು ಒಮ್ಮೆ ಹೂತರೆ ಕೀಳುವುದಿಲ್ಲ, ಕಿತ್ತರೆ ಮನೆಯ ಲಕ್ಷ್ಮಿಯ ಕಾಲು ಕಿತ್ತಂತೆ. ಮದುವೆಯ ಮೊದಲ ಶಾಸ್ತ್ರ ನಡೆಯುವುದೂ ಅದರ ಮುಂದೆಯೇ. ಮುತ್ತೈದೆಯರು ಕಲ್ಲಿಗೆ ಪೂಜೆ ಮಾಡಿ, ಒನಕೆ ಹಿಡಿದು ಅರಿಷಿಣ ಕುಟ್ಟಿದ ಮೇಲೆಯೇ ಉಳಿದ ಕೆಲಸ. ಈ ಕಲ್ಲು ಮುದಕವ್ವನ ಅತ್ತೆಯ ಕಾಲದ್ದು. ತನ್ನ ಹಿರಿಮಗಳು ಅನ್ನವ್ವನ ಅರಿಷಿಣವನ್ನು ಮುದಕವ್ವ ತಾನೇ ಮೊದಲ ಒನಕೆ ಹಾಕಿ ಕುಟ್ಟಿದ್ದಳು. ಅರ್ಧ ಊರಿಗೆ ಮಸಾಲೆ ಖಾರ ಕುಟ್ಟಿಕೊಟ್ಟು ಸಂಸಾರಕ್ಕೆ ಕೈ ಹಚ್ಚಿದ್ದೂ ಅದರಲ್ಲೇ. ಒಂದು ವರ್ಷ ಜಡಿಮಳೆಗೆ ಅಡಿಗೆಯ ಕೋಣೆ ಬಿದ್ದುಹೋಯಿತು, ಕಲ್ಲು ಬಯಲಿಗೆ ಬಂತು. ಅಂಗಳದಲ್ಲೇ ಕುಟ್ಟಿ, ಮೇಲೆ ಬುಟ್ಟಿ ಬೋರಲು ಹಾಕಿಡುತ್ತಿದ್ದಳು.

ಚಾಳು ಕಟ್ಟಲು ಬಂದ ಗುತ್ತಿಗೆದಾರ ಬುಟ್ಟಿ ನೋಡಲಿಲ್ಲ, ಕಲ್ಲು ನೋಡಲಿಲ್ಲ, ಅದರ ಮೇಲೆಯೇ ಎರಡು ಗಾಡಿ ಕಲ್ಲುಗುಂಡು ಸುರಿಸಿದ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಆ ಹೊತ್ತಿಗೇ ಅನ್ನವ್ವನ ಬಾಣಂತನಕ್ಕೆಂದು ಮುದಕವ್ವ ಅಕ್ಕಿಆಲೂರಿಗೆ ಹೋಗಬೇಕಾಯಿತು. “ಬರೂದರಾಗ ಗುಂಡ ತಗೀರ್ರಿ” ಎಂದು ಹೇಳಿ ಬಸ್ಸು ಹತ್ತಿದಳು. ಮೊಮ್ಮಗನಿಗೆ ಎಣ್ಣೆ ಹಚ್ಚಿ, ಮಗಳಿಗೆ ಕಾಯಿಸಿ ಕುಡಿಸಿ, ಮೂರು ತಿಂಗಳ ಮೇಲೆ ತಿರುಗಿ ಬಂದರೆ ಅಂಗಳದಲ್ಲಿ ಎದೆಯುಬ್ಬಿಸಿಕೊಂಡು ಗೋಡೆ ನಿಂತಿದೆ. ಗುಂಡಿನ ರಾಶಿ ಇಲ್ಲ, ಒಳಕಲ್ಲೂ ಇಲ್ಲ. ಕಳೆದ ಎಮ್ಮೆ ಹುಡುಕುವವಳಂತೆ ಮನೆ ಸುತ್ತ ಮೂರು ಸುತ್ತು ಹಾಕಿದಳಂತೆ. ಅಷ್ಟರಲ್ಲಿ ಗೋಡೆಯ ಆಚೆಯಿಂದ ಕೇಳಿತು, ಧಡ್, ಧಡ್, ಧಡ್. ಅವಳ ಕಲ್ಲಿನ ದನಿ! ನಿಂತಲ್ಲೇ ಕುಸಿದು ಕೂತು, ಮರುಗಳಿಗೆ ಎದ್ದು, ಗೋಡೆಗೆ ಬಾಯಿ ಹಚ್ಚಿದವಳು ಏಳು ವರ್ಷ ತೆಗೆಯಲಿಲ್ಲ.

ಗೋಡೆ ಕಟ್ಟಿದ ಗೌಂಡಿ ಬೀರಪ್ಪನ ವಾದ ಬೇರೆಯೇ ಇತ್ತು. ಚಾಳಿನ ಕಟ್ಟೆಯ ಮೇಲೆ ಕೂತು ನಮ್ಮೆಲ್ಲರಿಗೂ ಹೇಳುತ್ತಿದ್ದ:

“ಸುಣ್ಣದ ಗೆರಿ ಎಲ್ಲಿತ್ತೋ ಅಲ್ಲಿ ಗ್ವಾಡಿ ಎಬ್ಬಿಸೇನಿ. ಗೆರಿಗೆ ಎರಡೂ ತುದಿಗೆ ಹೂವ ಬ್ಯಾರೆ ಬರದಿದ್ರು. ಅಷ್ಟ ಚಂದನ್ನ ಸರಕಾರಿ ಗೆರಿ ನಾ ಹುಟ್ಟಿ ನೋಡಿದ್ದಿಲ್ಲ. ಗುಂಡ ತಗದ ಮ್ಯಾಲ ಒಳಕಲ್ಲ ಕಂಡ್ತು. ಕಿತ್ತರ ಪಾಪ ಬರ್ತೈತಂತ ಅದರ ಬಾಯಿ ಮಟಾ ನೆಲ ಮಾಡಿ ಬಿಟ್ಟೆ.”

ಬೀರಪ್ಪ ಸಂಜೆ ಹೊತ್ತು ಒಂದಿಷ್ಟು ಹಾಕುವ ಮನುಷ್ಯ. ಸರಕಾರಿ ಗೆರೆಗೆ ಹೂವಂತೆ ಎಂದು ನಾವು ನಕ್ಕು ಸುಮ್ಮನಾದೆವು. ಮುದಕವ್ವನ ಮುಂದೆ ಈ ಮಾತು ಎತ್ತುವಂತಿರಲಿಲ್ಲ. ಬೀರಪ್ಪನ ಹೆಸರು ಕಿವಿಗೆ ಬಿದ್ದರೆ ಸಾಕು, ಅವಳು ಕೈಯಲ್ಲಿದ್ದದ್ದನ್ನು ಎತ್ತಿ ಒಗೆಯುತ್ತಿದ್ದಳು. ಒಮ್ಮೆ ಅದು ರೊಟ್ಟಿಯ ಹಿಟ್ಟು, ನನ್ನ ಮೈಮೇಲೆ ಬಿತ್ತು.

ಆ ಗೆರೆಯ ದೆಸೆಯಿಂದ ಏಳನೇ ಮನೆ ಉಳಿದ ಆರು ಮನೆಗಳಿಗಿಂತ ಮೂರು ಫೂಟು ಅಗಲ. ನನಗೂ ಹೊಟ್ಟೆಕಿಚ್ಚೇ. ನಮ್ಮ ಅಡಿಗೆಮನೆಯಲ್ಲಿ ನಾನು ಬಗ್ಗಿದರೆ ಸೊಂಟ ಗೋಡೆಗೆ ತಾಗುತ್ತಿತ್ತು, ಮುನವ್ವರಾಳ ಅಡಿಗೆಮನೆಯಲ್ಲಿ ಕುಂಟಾಬಿಲ್ಲೆ ಆಡಬಹುದಿತ್ತು. ಮೇಲೆ ಬಿಟ್ಟಿ ಒಳಕಲ್ಲು ಬೇರೆ!

ಮುದಕವ್ವ ಅಕ್ಕಿಆಲೂರಿನ ಸಂತೆಯಲ್ಲಿ ಒಂದು ಎತ್ತಿಡುವ ಒರಳು ಕೊಂಡಳು. ಅದು ಕುಣಿಯುತ್ತಿತ್ತು. ಒಂದು ಏಟು ಹಾಕಿದರೆ ಒಂದು ಗೇಣು ಸರಿಯುತ್ತಿತ್ತು. ಅಡಿಗೆಮನೆಯಲ್ಲಿ ಕುಟ್ಟಲು ಕೂತವಳು ಖಾರ ಮುಗಿಯುವ ಹೊತ್ತಿಗೆ ಬಾಗಿಲಲ್ಲಿರುತ್ತಿದ್ದಳು. “ಇದು ಒರಳಲ್ಲವ್ವಾ, ಜೋಗತಿ” ಎಂದು ಬೈಯುತ್ತ ಅದನ್ನು ಮತ್ತೆ ಒಳಗೆ ಎಳೆಯುವಳು. ತನ್ನ ಕಲ್ಲಿನ ಕಡೆ ಮಾತ್ರ ಕಿವಿ ಸದಾ ತೆರೆದಿತ್ತು. ದನಿ ಕೇಳಿಯೇ ಆಚೆ ಏನು ಕುಟ್ಟುತ್ತಿದ್ದಾರೆ, ಹೇಗೆ ಕುಟ್ಟುತ್ತಿದ್ದಾರೆ ಎಲ್ಲ ಹೇಳುತ್ತಿದ್ದಳು.

“ಬಳ್ಳೊಳ್ಳಿ ಹೆಚ್ಚಾತು!” ಎಂದು ಗೋಡೆಗೆ ಕೂಗುವಳು.

“ನಿನ್ನ ಕಿವಿಗೆ ಬಳ್ಳೊಳ್ಳಿ ವಾಸನಿ ಬರ್ತೈತೇನ?” ಎಂದು ಮುನವ್ವರಾ ತಿರುಗಿ ಕೂಗುವಳು. ಕೂಗಿ, ಮೆಲ್ಲಗೆ ಎರಡು ಎಸಳು ತೆಗೆದಿಡುವಳು. ನಾನೇ ಕಣ್ಣಾರೆ ಕಂಡಿದ್ದೇನೆ. ವರ್ಷಗಟ್ಟಲೆ ಹೀಗೆ ಬೈಸಿಕೊಂಡು ಬೈಸಿಕೊಂಡು ಮುನವ್ವರಾಳ ಖಾರ ಅಂದರೆ ಥೇಟ್ ಮುದಕವ್ವನ ಖಾರವೇ ಆಗಿಹೋಯಿತು. ಗುರುವಿಗೂ ಗೊತ್ತಿಲ್ಲ, ಶಿಷ್ಯೆಗೂ ಗೊತ್ತಿಲ್ಲ, ನಡುವೆ ಗೋಡೆ.

೧೯೬೦ರಲ್ಲಿ ಮುದಕವ್ವನ ಗಂಡ ಮೈಲಾರಲಿಂಗಪ್ಪ ತೀರಿಕೊಂಡ. ಜೋರು ಮಾತಾಡದ ಒಳ್ಳೆಯ ಮನುಷ್ಯ. ಹೊಲದಿಂದ ಬಂದು ಹೆಂಡತಿಯ ಜಗಳ ಕೇಳುತ್ತ ಎಲೆ ಅಡಿಕೆ ಹಾಕುವುದೇ ಅವನ ಮನರಂಜನೆ. ಅವನು ಹೋದ ಮೇಲೆ ಮುದಕವ್ವನ ದನಿಯೂ ಹೋಯಿತು. ಮುನವ್ವರಾ ಸೂತಕದ ದಿನಗಳಷ್ಟೂ ಒನಕೆ ಮುಟ್ಟಲಿಲ್ಲ. ಆಮೇಲೆ ಮೆಲ್ಲಗೆ ಕುಟ್ಟಿದಳು, ಆಚೆಯಿಂದ ಸದ್ದಿಲ್ಲ. ಮರುದಿನವೂ ಇಲ್ಲ. ಒಂದು ಬೆಳಿಗ್ಗೆ ನಾನು ನೋಡುತ್ತೇನೆ, ಒಳಕಲ್ಲಿನಲ್ಲಿ ಒಂದು ಮೆಣಸಿನಕಾಯಿಯೂ ಇಲ್ಲ, ಆದರೂ ಮುನವ್ವರಾ ಬರಿಗಲ್ಲಿಗೆ ಒನಕೆ ಎತ್ತಿ ಎತ್ತಿ ಹಾಕುತ್ತಿದ್ದಾಳೆ. ಮೈಯೆಲ್ಲ ಬೆವರು.

“ಹುಚ್ಚು ಹಿಡೀತೇನ ನಿನಗ?” ಎಂದೆ.

“ಸುಮ್ಮನಿರ ಮಂಜಿ. ಬೈಯ್ಯಲಿ. ಬೈಯ್ಯೂ ತನಕಾ ಬಿಡಂಗಿಲ್ಲ.”

ಬಹಳ ಹೊತ್ತಿನ ಮೇಲೆ ಗೋಡೆಯಾಚೆಯಿಂದ ಒಡಕು ದನಿ ಬಂತು: “ಮೆಲ್ಲಕ ಕುಟ್ಟ… ಕಲ್ಲ ಒಡದೀತು.”

ಮುನವ್ವರಾ ಒನಕೆ ಒರಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಕಲ್ಲ ನಿಂದೇನ?” ಎಂದು ಕೂಗಿದಳು. ಆ ದಿನ ನನಗೆ ಇಬ್ಬರ ಮೇಲೂ ಬಹಳ ಪ್ರೀತಿ ಬಂತು. ಮರುದಿನದಿಂದ ಯಥಾಪ್ರಕಾರ ಯುದ್ಧ.

ನಿಜವಾದ ಬಿಕ್ಕಟ್ಟು ಬಂದದ್ದು ೧೯೬೪ರಲ್ಲಿ. ಕಿರಿಮಗಳು ಮಾದೇವಿಗೆ ತಡಸದಲ್ಲಿ ಸಂಬಂಧ ಗೊತ್ತಾಯಿತು, ವೈಶಾಖದಲ್ಲಿ ಲಗ್ನ. ಮುದಕವ್ವ ಎಲ್ಲರ ಮುಂದೆ ಸೆಟೆದು ನಿಂತು ಹೇಳಿದಳು:

“ಅನ್ನವ್ವನ ಅರಿಷಿಣ ಆ ಕಲ್ಲಾಗ ಕುಟ್ಟೇನಿ. ಮಾದೇವಿದೂ ಅಲ್ಲೇ. ಆ ಜೋಗತಿ ಒರಳಾಗ ನನ್ನ ಮಗಳ ಅರಿಷಿಣ ಕುಣಸಂಗಿಲ್ಲ!”

“ಮುನವ್ವರಾಗ ಒಂದ ಮಾತ ಕೇಳ ದೊಡ್ಡವ್ವಾ. ಬ್ಯಾಡ ಅನ್ನಾಕಿ ಅಲ್ಲ ಆಕಿ” ಎಂದೆ ನಾನು.

“ನನ್ನ ಕಲ್ಲಿಗೆ ನಾ ಅಪ್ಪಣಿ ಕೇಳ್ಲೇನ? ಸಾಯೂಮಟಾ ಕೇಳಂಗಿಲ್ಲ!”

ಇತ್ತ ಮುನವ್ವರಾಳೂ ಅಷ್ಟೇ. “ಬಂದ ಕೇಳ್ಲಿ, ಕೊಡ್ತೇನಿ. ಕೇಳದ ಹ್ಯಾಂಗ ಕೊಡ್ಲಿ?” ಇಬ್ಬರ ನಡುವೆ ಓಡಾಡಿ ನನ್ನ ಚಪ್ಪಲಿ ಸವೆದದ್ದೇ ಬಂತು.

ಮುದಕವ್ವ ಅದುವರೆಗೂ ಕಚೇರಿಗೆ ಅರ್ಜಿ ಹಾಕುತ್ತಲೇ ಇದ್ದಳು. ಈಗ ದಿನಾ ಹೋಗಿ ಬಾಗಿಲಲ್ಲಿ ಕೂಡತೊಡಗಿದಳು. ಕೂತವಳು ಸುಮ್ಮನೆ ಕೂಡುವಳೇ? ಹೋಗಿ ಬರುವವರಿಗೆಲ್ಲ ತನ್ನ ಕಲ್ಲಿನ ಕಥೆ ಮೊದಲಿನಿಂದ ಹೇಳುವಳು. ಕೇಳಿ ಕೇಳಿ ಬೇಸತ್ತು ಕಚೇರಿಯವರು ಕೊನೆಗೂ ಸರ್ವೇಯರ ಉಳಿವೆಪ್ಪನವರನ್ನು ಕಳಿಸಿದರು. ಲಗ್ನಕ್ಕೆ ಒಂದೇ ವಾರ ಉಳಿದಿತ್ತು.

ಉಳಿವೆಪ್ಪನವರು ಸರಪಳಿ ಹಿಡಿಸಿ, ಹಿತ್ತಲಿನ ಮೂಲೆಯ ಹಳೇ ಗಡಿಕಲ್ಲು ಹುಡುಕಿಸಿ, ಬಿಸಿಲಲ್ಲಿ ದಿನವಿಡೀ ಅಳೆದರು. ಸರಪಳಿ ಹೋದಲ್ಲೆಲ್ಲ ಚಾಳು ಹೋಯಿತು, ಚಾಳು ಹೋದಲ್ಲೆಲ್ಲ ಮಕ್ಕಳು, ಮಕ್ಕಳ ಹಿಂದೆ ಆಡುಗಳು. ಸಂಜೆ ಹೊತ್ತಿಗೆ ತೀರ್ಮಾನವಾಯಿತು. ಗೋಡೆ ಮೂರು ಫೂಟು ಮುದಕವ್ವನ ಜಾಗದೊಳಗೆ ಬಂದಿದೆ! ಗುರುತಿಗೆ ಮೊದಲು ಏಳನೇ ಮನೆಯ ಒಳಗೆ ಸುಣ್ಣದ ಗೆರೆ ಎಳೆದರು. ಒಲೆ ಸರಕಾರದ ಕಡೆ ಉಳಿಯಿತು, ಒಳಕಲ್ಲು ಮುದಕವ್ವನ ಕಡೆ ಬಂತು. ಆಮೇಲೆ ಹೊರಗೆ, ಅದರದೇ ನೇರಕ್ಕೆ, ಅಂಗಳದ ತುಂಬ ಹಿತ್ತಲಿನ ಗಡಿಕಲ್ಲಿನ ತನಕ ಇನ್ನೊಂದು ಗೆರೆ.

ಮುದಕವ್ವ ಅಂಗಳದಲ್ಲಿ ಕುಣಿದೇಬಿಟ್ಟಳು. ಸುಳ್ಳಲ್ಲ, ಸೀರೆ ಎತ್ತಿ ಕಟ್ಟಿ, ಕೈ ಮೇಲೆ ಮಾಡಿ ಕುಣಿದಳು. “ಕೇಳಿದ್ಯಾ ಮುನವ್ವರಾ? ಸರಕಾರ ಹೇಳೇತಿ, ಕಲ್ಲ ನಂದು!”

ಆದರೆ ಉಳಿವೆಪ್ಪನವರು ಹಣೆ ಒರೆಸಿಕೊಳ್ಳುತ್ತ ಹೇಳಿದ್ದನ್ನು ನಾವೆಲ್ಲ ಕೇಳಿದ್ದೆವು:

“ನಾಳೆ ಧಾರವಾಡದಿಂದ ಸಾಹೇಬ್ರು ಬರ್ತಾರ. ಗ್ವಾಡಿ ಕೆಡವಾಕ ಹುಕುಂ ಆಗ್ತೈತಿ. ಆದ್ರ ಮನಿ ತೊಲಿ ಎಲ್ಲಾ ಈ ಗ್ವಾಡಿ ಮ್ಯಾಲ ಕುಂತಾವ. ಗ್ವಾಡಿ ಹೋದ್ರ ಮಾಳಗಿನೂ ಹೋತು. ಮತ್ತ ಕಟ್ಟಾಕ ಯಾವಾಗ ಮಂಜೂರಾಗ್ತೈತೋ, ನನಗ ಗೊತ್ತಿಲ್ಲವ್ವಾ.”

ವೈಶಾಖ ಮುಗಿದರೆ ಮಳೆ. ಮಹಮ್ಮದಗೌಸ ಹತ್ತಿಯ ಮೂಟೆಗಳನ್ನು ಒಂದೊಂದೇ ಅಂಗಳಕ್ಕೆ ತಂದಿಟ್ಟು, ಎಲ್ಲಿಗೆ ಒಯ್ಯುವುದೆಂದು ತಿಳಿಯದೆ, ಮತ್ತೆ ಒಂದೊಂದೇ ಒಳಗೆ ಒಯ್ದ. ಮುನವ್ವರಾ ಸಣ್ಣ ಮಗಳು ಮಾಸೂಮಾಳನ್ನು ತೊಡೆಯ ಮೇಲೆ ಹಾಕಿಕೊಂಡು ಒಳಕಲ್ಲಿನ ಪಕ್ಕ ಕೂತಿದ್ದಳು. ಬೈಗುಳ ಒಂದೂ ಹೊರಡಲಿಲ್ಲ. ಅದನ್ನು ನೋಡಿ ನನಗೆ ಮುದಕವ್ವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಕುಣಿತ ಅವಳಿಗೂ ದಕ್ಕಲಿಲ್ಲ ಅನಿಸುತ್ತದೆ. ಗೋಡೆಗೆ ಕಿವಿ ಹಚ್ಚಿ ನಿಂತಿದ್ದವಳು, ಆಚೆಯಿಂದ ಏನೂ ಕೇಳದೆ, ಬಾಗಿಲು ಹಾಕಿಕೊಂಡಳು.

ಬೆಳಗಿನ ಜಾವ ನಾನು ನೀರಿಗೆಂದು ಕೊಡ ಹಿಡಿದು ಹೊರಟಾಗ ಇನ್ನೂ ಮಸುಕು. ಮುದಕವ್ವ ಆಗಲೇ ಎದ್ದು ಅಂಗಳಕ್ಕೆ ಸೆಗಣಿ ನೀರಿನ ಥಳಿ ಹೊಡೆದಿದ್ದಳು. ಮನೆಯಲ್ಲಿ ಲಗ್ನ, ದೊಡ್ಡ ಸಾಹೇಬರು ಬರುವವರು, ಅಂಗಳ ಹಾಗೇ ಬಿಡಲಾದೀತೇ? ಮೂಲೆಯಿಂದ ಮೂಲೆಗೆ ಥಳಿ ಹೊಡೆದು, ಬರಲಿನಿಂದ ಗುಡಿಸಿ, ಸೊಂಟ ನೆಟ್ಟಗೆ ಮಾಡಿ ನೋಡಿದವಳು ಬರಲು ಎತ್ತಿ ಒಗೆದಳು. ಹಿಂದಿನ ಸಂಜೆಯ ಸುಣ್ಣದ ಗೆರೆ ಎಲ್ಲಿದೆ?

“ಅಯ್ಯಯ್ಯ ಮಂಜೀ! ಸರಕಾರದ ಗೆರಿ ಸಾರಿಸಿಬಿಟ್ಟೆನಲ್ಲ!”

“ಏನ ಮಾಡ್ತಿ ಈಗ?”

“ತಡಿ, ಎಲ್ಲಿತ್ತಂತ ನೆಪ್ಪೈತಿ ನನಗ. ಸಾಹೇಬ್ರು ಬರೂದರಾಗ ಎಳದ ಬಿಡ್ತೇನಿ.”

ರಂಗೋಲಿ ಡಬ್ಬಿ ತಂದಳು. ಬಗ್ಗಿ, ಬೆರಳ ಸಂದಿಯಿಂದ ಪುಡಿ ಬಿಡುತ್ತ ಸರಸರನೆ ಗೆರೆ ಎಳೆದಳು. ಎಂಥಾ ಕೈ ಅವಳದು! ದಾರ ಹಿಡಿದಂತೆ ನೆಟ್ಟಗೆ ಬಂತು. ತುದಿ ಮುಟ್ಟಿದ ಕೈ ಅಲ್ಲಿಗೆ ನಿಲ್ಲಲಿಲ್ಲ. ತನ್ನಷ್ಟಕ್ಕೆ ಒಂದು ಹೂ ಬರೆಯಿತು. ಓಡಿ ಬಂದು ಈ ತುದಿಗೂ ಒಂದು ಹೂ ಬರೆದಳು.

ನನ್ನ ಕೈಯಿಂದ ಕೊಡ ಜಾರಿತು.

“ದೊಡ್ಡವ್ವಾ, ಹೂ ಯಾಕ ಬರದಿ?”

“ಬರೇ ಗೆರಿ ಬೋಳ ಬೋಳ ಕಾಣ್ತೈತಲ್ಲ. ಹಿಂದಕ ಚಾಳ ಕಟ್ಟೂ ಮುಂದನೂ ಹಿಂಗ ಆಗಿತ್ತ ನೋಡ. ಅಕ್ಕಿಆಲೂರ ಬಸ್ಸಿಗೆ ಹೊಂಟಿದ್ನಿ, ಅಂಗಳಕ್ಕ ಥಳಿ ಹೊಡೀದ ಮನಿ ಬಿಡಬಾರದಲ್ಲ? ಆವತ್ತೂ ಅವರ ಸುಣ್ಣ ಹೋಗಿಬಿಡ್ತು. ಗುಂಡಿನ ರಾಶಿ ಈಚೀ ಬುಡಕ್ಕ ಹೊಂದಿಸಿ ಹೊಸಾದ ಎಳದ, ಹೂ ಬರದ…”

ಅಲ್ಲಿಗೆ ಅವಳ ಮಾತು ನಿಂತಿತು. ಗೆರೆ ನೋಡಿದಳು. ಹಿಂದಿನ ಸಂಜೆ ಉಳಿವೆಪ್ಪನವರು ನೆಟ್ಟ ಗುರುತಿನ ಗೂಟ ಗೋಡೆ ದಾಟಿ ಮುನವ್ವರಾಳ ಕಡೆಗಿತ್ತು. ಇವಳ ಗೆರೆ ಗೋಡೆಯ ಬುಡಕ್ಕೇ ಬಂದು ಕೂತಿತ್ತು, ಏಳು ವರ್ಷದ ಹಿಂದೆ ಕೂತಲ್ಲಿಯೇ.

“ಹೂವಿನ ಗೆರಿ” ಎಂದೆ ನಾನು, ನಗು ತಡೆಯಲಾಗದೆ. “ಬೀರಪ್ಪ ಹೇಳ್ತಿದ್ದಾ ದೊಡ್ಡವ್ವಾ! ಗೆರಿಗೆ ಎರಡೂ ತುದಿಗೆ ಹೂ ಇದ್ವು, ಅದರ ಮ್ಯಾಲ ಗ್ವಾಡಿ ಎಬ್ಬಿಸೇನಿ ಅಂತ! ನಾವು ಕುಡದ ಹೇಳ್ತಾನ ಅಂತಿದ್ವಿ!”

ಮುದಕವ್ವ ಕೈಯಲ್ಲಿದ್ದ ಡಬ್ಬಿಯನ್ನು ಒಗೆಯಲಿಲ್ಲ. ಮೆಲ್ಲಗೆ ಕೆಳಗಿಟ್ಟಳು. ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಕುಲುಕಾಡಿದವು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಾಳೆ! ಒದ್ದೆ ಅಂಗಳದಲ್ಲೇ ಕೂತುಬಿಟ್ಟಳು. “ನಾನ… ನಾನ ಎಳದದ್ದು… ಏಳು ವರ್ಷ… ಕಚೇರಿಗೆ ಅಡ್ಡಾಡಿ…” ಮುಂದೆ ಮಾತು ಬರದು. ನಾನೂ ಪಕ್ಕದಲ್ಲಿ ಬಿದ್ದು ನಕ್ಕೆ. ಚಾಳಿಗೆ ಚಾಳೇ ಎದ್ದು ಬಂತು. ಯಾಕೆಂದು ತಿಳಿಯದೆಯೇ ಅರ್ಧ ಜನ ನಗತೊಡಗಿದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಇಂಥ ಊಟ ಯಾರೂ ಉಂಡಿರಲಿಕ್ಕಿಲ್ಲ.

ಸದ್ದು ಕೇಳಿ ಮುನವ್ವರಾ ಕೆಂಪು ಕಣ್ಣು ಒರೆಸುತ್ತ ಬಾಗಿಲಿಗೆ ಬಂದಳು. ನಾನು ಹೇಗೋ ಉಸಿರು ಹಿಡಿದು ವಿಷಯ ತಿಳಿಸಿದೆ. ಅವಳು ಹೂವಿನ ಗೆರೆ ನೋಡಿದಳು, ಮುದಕವ್ವನನ್ನು ನೋಡಿದಳು.

“ಅಂದ್ರ ನನ್ನ ಅಡಗಿಮನಿಗೆ ಗೆರಿ ಹಾಕಿಕೊಟ್ಟಾಕಿ ನೀನ ಏನ? ಮತ್ತ ನನಗ ಯಾಕ ಬೈದಿ ಇಷ್ಟ ವರ್ಷ?”

“ನನಗೂ ಗೊತ್ತಿರಲಿಲ್ಲೇಳ!” ಎಂದು ಮುದಕವ್ವ ಮತ್ತೆ ನಗುವಿಗೆ ಬಿದ್ದಳು.

ಸಾಹೇಬರ ಜೀಪು ಬಂದಾಗ ಇನ್ನೂ ಯಾರ ಬಾಯಿಯೂ ಮುಚ್ಚಿರಲಿಲ್ಲ. ಮುದಕವ್ವ ಸೀರೆ ಸರಿಮಾಡಿಕೊಂಡು ಎದುರಿಗೆ ನಿಂತಳು.

“ಗ್ವಾಡಿ ಕೆಡವೂದ ಬ್ಯಾಡ್ರಿ ಸಾಹೇಬ್ರ.”

“ಏಳು ವರ್ಷದಿಂದ ಅರ್ಜಿ ಕೊಟ್ಟವಳು ನೀನೇ ಅಲ್ಲವೇ?”

“ಏಳು ವರ್ಷ ತಪ್ಪ ಅರ್ಜಿ ಕೊಟ್ಟೇನ್ರಿ. ಇವತ್ತೊಂದಿನ ಸರಿ ಅರ್ಜಿ ಕೊಡಾಕತ್ತೇನಿ. ಗೆರಿ ನಾನ ಎಳದದ್ದು. ನನ್ನ ಗೆರಿಗೆ ಆ ಕೂಸು ಮಳಿಯಾಗ ಯಾಕ ಕುಂದರಬೇಕ್ರಿ?”

ಸಾಹೇಬರು ಉಳಿವೆಪ್ಪನವರ ಮುಖ ನೋಡಿದರು, ಉಳಿವೆಪ್ಪನವರು ಆಕಾಶ ನೋಡಿದರು. ಕೊನೆಗೆ ಒಂದು ದಾರಿ ತೆರೆಯಿತು. ಗೋಡೆ ಇದ್ದಲ್ಲೇ ಗಡಿ. ಅದಕ್ಕೆ ಬದಲಾಗಿ ಚಾಳಿನ ಹಿಂದೆ, ಕತ್ತೆಗಳು ಹೊರಳಾಡುತ್ತಿದ್ದ ಸರಕಾರಿ ಖಾಲಿ ಜಾಗದಲ್ಲಿ ಅಷ್ಟೇ ಅಳತೆಯ ಪಟ್ಟಿ ಮುದಕವ್ವನ ಹಿತ್ತಲಿಗೆ ಸೇರಬೇಕು. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಗಡಿ ಯಾಕೆ ಸರಿಯಿತೆಂದು ಪಂಚನಾಮೆಯಲ್ಲಿ ಬರೆಯಬೇಕಲ್ಲ? ರಂಗೋಲಿ ಎಂದು ಬರೆಯಲು ಗುಮಾಸ್ತರ ಕೈ ಏಳಲಿಲ್ಲ. ‘ಕಾರಣಾಂತರದಿಂದ’ ಎಂದು ಬರೆದರು.

ಜೀಪು ಹೋಯಿತು, ಜನ ಚದುರಿದರು. ಆಗ ಮುದಕವ್ವನ ನಗು ನಿಂತಿತು. ಗೋಡೆ ಮುನವ್ವರಾಳದು, ಹಾಗಾದರೆ ಕಲ್ಲೂ ಮುನವ್ವರಾಳದೇ. ಈಗ ಹೇಳಿಕೊಳ್ಳಲು ಸರಕಾರವೂ ಇಲ್ಲ. ಬಹಳ ಹೊತ್ತು ತನ್ನ ಹೊಸ್ತಿಲಲ್ಲಿ ಕೂತಿದ್ದು, ಎದ್ದು, ಏಳು ವರ್ಷದಲ್ಲಿ ಒಮ್ಮೆಯೂ ತುಳಿಯದ ಏಳನೇ ಮನೆಯ ಬಾಗಿಲಿಗೆ ಬಂದು ನಿಂತಳು.

“ಮುನವ್ವರಾ… ನನ್ನ ಮಗಳ ಅರಿಷಿಣಕ್ಕ ನಿನ್ನ ಒಳಕಲ್ಲ ಒಂದ ದಿನ ಕೊಡ್ತೀಯೇನವ್ವಾ?”

ಆ ಕಲ್ಲಿಗೆ ಅವಳು ‘ನಿನ್ನ’ ಅಂದದ್ದು ಅದೇ ಮೊದಲು. ಮುನವ್ವರಾ ಓಡಿ ಬಂದು ಅವಳ ಕೈ ಹಿಡಿದಳು. “ಒಳಗ ಬಾ ದೊಡ್ಡವ್ವಾ. ನಿನ್ನ ಕಲ್ಲ ಹ್ಯಾಂಗೈತಿ ನೋಡ ಮೊದಲ. ಒಡದೇತೇನ?”

ಮುದಕವ್ವ ಕಲ್ಲಿನ ಮುಂದೆ ಕೂತು ಅದರ ಬಾಯಿಯ ಸುತ್ತ ಕೈಯಾಡಿಸಿದಳು. ಒಡೆದಿರಲಿಲ್ಲ, ಮತ್ತಷ್ಟು ನುಣ್ಣಗಾಗಿತ್ತು.

ಆ ವಾರ ಏಳನೇ ಮನೆಯಲ್ಲಿ ಮಾಂಸ ಬೇಯಲಿಲ್ಲ. ಅರಿಷಿಣ ಕುಟ್ಟುವ ದಿನ ಮುನವ್ವರಾ ಅಡಿಗೆಮನೆ ಸಾರಿಸಿ, ಕಲ್ಲು ತೊಳೆದು, ಮುದಕವ್ವನ ಡಬ್ಬಿ ಇಸಿದುಕೊಂಡು ತಾನೇ ಸೊಟ್ಟಸೊಟ್ಟಾಗಿ ರಂಗೋಲಿ ಹಾಕಿದ್ದಳು. ಹಾನಗಲ್ಲಿನಿಂದ ಮುದಕವ್ವನ ಅತ್ತಿಗೆ ಮಹಾದೇವಕ್ಕ ಬಂದಿದ್ದಳು, ಮೈಲಾರಲಿಂಗಪ್ಪನ ಅಕ್ಕ. ಶಾಸ್ತ್ರದಲ್ಲಿ ಒಂದು ಕೂದಲು ಆಚೀಚೆ ಆದರೆ ಬಿಡದ ಹೆಂಗಸು. ಸಾಬರ ಮನೆಯಲ್ಲಿ ಅರಿಷಿಣವೇ ಎಂದು ಮೂಗು ಮುರಿದಳು. ಆದರೆ ಕಲ್ಲು ತನ್ನ ತವರಿನದು, ತನ್ನ ತಾಯಿ ಕುಟ್ಟಿದ್ದು. ಕೀಳುವಂತಿಲ್ಲ, ಬಿಡುವಂತಿಲ್ಲ. ಬಂದಳು. ನಾವು ಮುತ್ತೈದೆಯರು ಒಳಗೆ ಕೂತೆವು. ಮಾದೇವಿ ಗೋಡೆಯಾಚೆ ತನ್ನ ಮನೆಯಲ್ಲಿ ಮಣೆಯ ಮೇಲೆ ಕೂತು ಅರಿಷಿಣಕ್ಕೆ ಕಾದಿದ್ದಳು.

ಪೂಜೆಯಾಯಿತು. ಕಲ್ಲಿಗೆ ಅರಿಷಿಣದ ಕೊಂಬು ಹಾಕಿದರು. ಬಾಗಿಲಲ್ಲಿ ನಿಂತಿದ್ದ ಮುದಕವ್ವ, ತನಗೇ ತಿಳಿಯದಂತೆ ಒಂದು ಹೆಜ್ಜೆ ಒಳಗಿಟ್ಟಳು.

“ನೀ ಹೊರಗಿರ ಮುದಕವ್ವಾ” ಎಂದಳು ಮಹಾದೇವಕ್ಕ. “ಗಂಡ ಇಲ್ಲದಾಕಿ. ಗೊತ್ತಿಲ್ಲೇನ ನಿನಗ?”

ಮುದಕವ್ವ ಹಿಂದೆ ಸರಿದಳು. ಈ ಕಲ್ಲಿಗಾಗಿ ಏಳು ವರ್ಷ ಕಚೇರಿಯ ಬಾಗಿಲು ಕಾದವಳು, ಈಗ ಕಲ್ಲು ಸಿಕ್ಕ ಮೇಲೂ ಬಾಗಿಲಲ್ಲೇ. ಇದು ಅನ್ಯಾಯ ಅನಿಸಿತು ನನಗೆ. ಆದರೆ ನಾನೂ ಆ ಪದ್ಧತಿಯವಳೇ, ಬಾಯಿ ಬರಲಿಲ್ಲ. ಬಂದದ್ದು ಮುನವ್ವರಾಳ ಬಾಯಿ.

“ಮೊದಲ ಒನಕಿ ದೊಡ್ಡವ್ವ ಹಾಕ್ಲಿ.”

“ನಮ್ಮ ಮಂದಿ ಪದ್ಧತಿ ನಿನಗೇನ ಗೊತ್ತ?” ಎಂದು ಮಹಾದೇವಕ್ಕ ಗದರಿದಳು.

“ಗೊತ್ತಿಲ್ಲರಿ ಅಕ್ಕಾ. ನನಗ ಗೊತ್ತಿರೂದು ಒಂದ. ಧಾರವಾಡದ ಸಾಹೇಬ್ರು ಬಂದ ಗಡಿ ಮಾಡಿ ಹೋಗ್ಯಾರ. ನಿಮ್ಮ ಪದ್ಧತಿ ಆ ಗ್ವಾಡಿ ಆಕಡೆ. ಈಕಡೆ ಮನಿ ನಂದು, ಕಲ್ಲ ನಂದು. ನನ್ನ ಕಲ್ಲಾಗ ಮೊದಲ ಒನಕಿ ಯಾರ ಹಾಕಬೇಕಂತ ನಾ ಹೇಳ್ತೇನಿ. ಒಲ್ಲೆ ಅಂದ್ರ,” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು, “ಕಲ್ಲ ಕಿತ್ತಗೊಂಡ ಹೋಗ್ರಿ!”

ಮಹಾದೇವಕ್ಕ ಕಲ್ಲು ನೋಡಿದಳು, ಗೋಡೆ ನೋಡಿದಳು, ಕೊನೆಗೆ ಮುಖ ಆ ಕಡೆ ತಿರುಗಿಸಿ ಗೂಡಿನಲ್ಲಿದ್ದ ಉಪ್ಪಿನ ಗಡಿಗೆ ನೋಡತೊಡಗಿದಳು. ನಾನು ಎದ್ದು ಒನಕೆಯನ್ನು ಮುದಕವ್ವನ ಕೈಗೆ ಕೊಟ್ಟೆ. ಗೋಡೆ ಕೆಡವಿಸಿ ಜಾಗ ಗೆದ್ದಿದ್ದರೆ ಇದು ಅವಳ ಮನೆಯಾಗುತ್ತಿತ್ತು, ಅವಳು ಹೊರಗೇ ನಿಲ್ಲುತ್ತಿದ್ದಳು. ಅದು ಅವಳಿಗೂ ಹೊಳೆದಿರಬೇಕು. ಮುನವ್ವರಾಳನ್ನು ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಹಲ್ಲು ತೋರಿಸಿ ನಕ್ಕಳು. ಒನಕೆ ಎತ್ತಿದಳು.

ಧಡ್!

ಮೊದಲ ಏಟು ಮೆಲ್ಲಗೆ ಬಿತ್ತು, ಎರಡನೆಯದು ಗಟ್ಟಿಯಾಗಿ. ಮೂರನೆಯದಕ್ಕೆ ಗೂಡಿನ ಉಪ್ಪಿನ ಗಡಿಗೆ ಅದುರಿತು. ಏಳು ವರ್ಷದ್ದನ್ನೆಲ್ಲ ಒಮ್ಮೆಲೇ ಕುಟ್ಟುವವಳಂತೆ ಅವಳು ಎತ್ತಿ ಎತ್ತಿ ಹಾಕಿದಳು, ಅರಿಷಿಣ ನಮ್ಮೆಲ್ಲರ ಮುಖಕ್ಕೆ ಹಾರಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ಮದುಮಗಳ ದನಿ ಕೇಳಿತು. ಒನಕೆ ಯಾರ ಕೈಯಲ್ಲಿದೆ ಎಂದು ಮಾದೇವಿಗೆ ಯಾರೂ ಹೇಳಿರಲಿಲ್ಲ. ನಗುತ್ತಿದ್ದಳೋ ಅಳುತ್ತಿದ್ದಳೋ, ಗೋಡೆಗೆ ಬಾಯಿ ಹಚ್ಚಿ ಕೂಗಿದಳು:

“ಮೆಲ್ಲಕ ಕುಟ್ಟವ್ವಾ, ಕಲ್ಲ ಒಡದೀತು!”